ಕೊನೆಗೆ ಬಂದ ಹುಡುಗ

ನಾಡಶಾಲೆಗಳ ಲೆಕ್ಕ ಕೊಡಿ ಎಂದು ಮದರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಕಲೆಕ್ಟರುಗಳನ್ನು ಕೇಳಿದ. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಉತ್ತರ ಬರೆದ. ಪಾಪಿನಾಯಕನಹಳ್ಳಿ, ಹೊಸಪೇಟೆ, ಕಂಪ್ಲಿಯ ಸೀಮೆಯೆಲ್ಲ ಅವನ ಜಿಲ್ಲೆಯದೇ. ಸಂಡೂರು ಮಾತ್ರ ಘೋರ್ಪಡೆಯವರದು. ಜಿಲ್ಲೆಯಲ್ಲಿ 533 ಶಾಲೆ, 6,641 ಮಕ್ಕಳು. ಕನ್ನಡ ಶಾಲೆಗಳು 235. ಸರಾಸರಿ ಶಾಲೆಗೆ ಹನ್ನೆರಡು ಮಕ್ಕಳು.

ಬೆಳಿಗ್ಗೆ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರಂತೆ. ಎರಡನೆಯವನಿಗೆ ಸೊನ್ನೆ: ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಮೂರನೆಯವನಿಗೆ ಮೆಲ್ಲನೆಯ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೇ ಏರುತ್ತ ಹೋಗುತ್ತದೆ. ಹನ್ನೆರಡು ಮಕ್ಕಳ ಶಾಲೆಯಲ್ಲಿ ಕೊನೆಯವನಿಗೆ ಹತ್ತು. ಎಲ್ಲ ಕೂಡಿದರೆ ಬೆಳಗಾದರೆ 55 ಏಟು. ಎಲ್ಲರೂ ಹೊತ್ತಿಗೆ ಮುಂಚೆ ಬಂದರೂ ಕೊನೆಯವನೊಬ್ಬ ಇದ್ದೇ ಇರುತ್ತಾನಲ್ಲ! ಅವನು ದನ ಬಿಟ್ಟು ಬಂದನೋ, ನೀರು ಹೊತ್ತು ಬಂದನೋ, ಈ ಲೆಕ್ಕದಲ್ಲಿ ಅದಕ್ಕೆ ಜಾಗವಿಲ್ಲ.

ಸೋಮಾರಿಗಳನ್ನು ಎರಡೂ ಕೈ ಕಟ್ಟಿ ಸೂರಿಗೆ ತೂಗುಹಾಕುತ್ತಿದ್ದರು. ನಮ್ಮ ಹಿರಿಯರು ಕೋದಂಡ ಎನ್ನುತ್ತಿದ್ದುದು ಇದನ್ನೇ. ಬಸ್ಕಿಯ ಬಗ್ಗೆ ಕ್ಯಾಂಪ್‌ಬೆಲ್, ಯಾತನೆಯದ್ದಾದರೂ ಬಹುಶಃ ಆರೋಗ್ಯಕ್ಕೆ ಒಳ್ಳೆಯದು ಎನ್ನುತ್ತಾನೆ. ಬಸ್ಕಿ ಹೊಡೆಯದವರ ಮಾತು. ಧರ್ಮಪಾಲರು 1983ರಲ್ಲಿ ಈ ವರದಿಗಳನ್ನು ಅಚ್ಚು ಹಾಕಿಸಿದ ಮೇಲೆ ನಾಡಶಾಲೆಯ ಹೆಮ್ಮೆಗೆ ಇವನ್ನು ತೋರಿಸುವವರು ಬಹಳ ಮಂದಿ. ಈ ಪ್ಯಾರಾ ಬಂದಾಗ ಪುಟ ಮಗುಚುತ್ತಾರೆ.

ಹೆಮ್ಮೆಗೆ ಕಾರಣವೂ ಅದೇ ವರದಿಯಲ್ಲಿದೆ. ದೊಡ್ಡ ಮಕ್ಕಳು ಚಿಕ್ಕವರಿಗೆ ಕಲಿಸುವ ಪದ್ಧತಿಯನ್ನು ಅವನು ಬಾಯ್ತುಂಬ ಮೆಚ್ಚಿದ್ದಾನೆ. ಅದಾಗಲೇ ಇಂಗ್ಲೆಂಡಿಗೆ ಹೋಗಿತ್ತು. ಮದರಾಸಿನ ಅನಾಥಾಲಯದಲ್ಲಿ ಅದನ್ನು ಪಳಗಿಸಿದ ಆಂಡ್ರ್ಯೂ ಬೆಲ್ ಇನ್ನೂ ಒಂದು ಹೆಜ್ಜೆ ಹೋದ: ತಪ್ಪುಗಳನ್ನು ಪುಸ್ತಕದಲ್ಲಿ ಬರೆದಿಟ್ಟು, ಹುಡುಗರ ಪಂಚಾಯ್ತಿಯಿಂದಲೇ ವಿಚಾರಣೆ ಮಾಡಿಸಿದ. ಆದರೂ ಅಲ್ಲಿ ತೀರ್ಪಿತ್ತು, ರಾಜಿ ಇರಲಿಲ್ಲ.

ರಾಜಿಯ ದಾರಿ ಶಾಲೆಗಳಿಗೆ ಬಂದದ್ದು ತೀರ ಈಚೆಗೆ. 1974ರಲ್ಲಿ ಕೆನಡಾದಲ್ಲಿ, ಊರಿನ ಸೊತ್ತು ಹಾಳುಮಾಡಿದ ಇಬ್ಬರು ಹುಡುಗರನ್ನು ನಷ್ಟವಾದವರ ಮನೆಮನೆಗೆ ಕರೆದೊಯ್ದು ಮಾತಾಡಿಸಿದರು. 1994ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡಿನ ಹೈಸ್ಕೂಲೊಂದು ಆ ಬಗೆಯ ಕೂಟವನ್ನು ಶಾಲೆಯೊಳಗೆ ತಂದಿತು. ರೆಸ್ಟೊರೇಟಿವ್ ಜಸ್ಟಿಸ್ ಎನ್ನುವುದು ಇದನ್ನೇ: ಏನಾಯಿತು, ಯಾರಿಗೆ ನೋವಾಯಿತು, ಸರಿಪಡಿಸುವುದು ಹೇಗೆ ಎಂದು ಎದುರುಬದುರು ಕೂತು ಕೇಳುವುದು.

ನಮ್ಮ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಹೊಡೆತವನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. 16ನೆಯದು ಎಂಟನೇ ತರಗತಿ ಮುಗಿಯುವ ತನಕ ಮಗುವನ್ನು ಶಾಲೆಯಿಂದ ಹೊರಹಾಕಬೇಡಿ ಎನ್ನುತ್ತದೆ. ಬೆತ್ತ ಕೆಳಗಿಟ್ಟ ಕೈ ಮುಂದೇನು ಮಾಡಬೇಕೆಂದು ಆ ಕಲಮುಗಳು ಹೇಳಲಿಲ್ಲ. ಪಾಪಿನಾಯಕನಹಳ್ಳಿಯಿಂದ ಹೊಸಪೇಟೆಯ ಶಾಲೆಗೆ ಬರುವ ಹುಡುಗ ಒಬ್ಬ ಜೊತೆಗಾರನ ನೋಟ್‌ಬುಕ್ ಹರಿದ ಎಂದುಕೊಳ್ಳಿ. ಬೆತ್ತಕ್ಕೆ ಒಂದು ನಿಮಿಷ ಸಾಕು, ಹರಿದ ನೋಟ್ಸು ಹಾಗೇ ಉಳಿಯುತ್ತದೆ. ಇಬ್ಬರನ್ನೂ ಕೂರಿಸಿ, ಕಂಡವರನ್ನು ಕೇಳಿ, ಹರಿದವನೇ ನೋಟ್ಸು ಬರೆದುಕೊಡುವಂತೆ ಒಪ್ಪಿಸಲು ಒಂದು ಪೀರಿಯಡ್ ಬೇಕು. ಅರವತ್ತು ಮಕ್ಕಳ ಕ್ಲಾಸಿನಲ್ಲಿ ಅದನ್ನು ಯಾರು ಕೊಡುತ್ತಾರೆ?

ಇದೆಲ್ಲ ನಮ್ಮ ಹಳ್ಳಿಕಟ್ಟೆಯ ನ್ಯಾಯವೇ ಅಲ್ಲವೇ ಎನ್ನುವವರಿದ್ದಾರೆ. ಆ ಕಟ್ಟೆ ಹತ್ತಲು ಬಿಡದವರನ್ನು ದೂರ ನಿಲ್ಲಿಸಿಯೇ ತಪ್ಪುದಂಡ ಹಾಕುತ್ತಿದ್ದರು. ಕ್ಲಾಸಿನಲ್ಲೂ ಲೀಡರ್ ಮೊದಲು ಮಾತು ಶುರುಮಾಡಿ, ಮುಂದಿನ ಬೆಂಚಿನವರು ಮುಂದುವರಿಸಿದರೆ, ಕೊನೆಗೆ ಬಂದ ಹುಡುಗನ ಸರದಿ ಬರುವ ಹೊತ್ತಿಗೆ ಬೆಲ್ ಹೊಡೆದಿರುತ್ತದೆ.