ರಂಗಗೀತೆಯ ಕಲಾಮೌಲ್ಯ: ಮರಾಠಿ ಸಂಗೀತ ನಾಟಕದ ನಿದರ್ಶನ

ಜನಪ್ರಿಯ ಸಂಗೀತವನ್ನು ಕೇವಲ ರಂಜನೆಯ ವಸ್ತುವೆಂದು ಬದಿಗೆ ಸರಿಸುವುದು ವಿದ್ವತ್ ವಲಯದ ರೂಢಿ. ಮರಾಠಿ ಸಂಗೀತ ನಾಟಕದ ಇತಿಹಾಸವು ಈ ನಿಲುವನ್ನು ಮರುಪರಿಶೀಲನೆಗೆ ಒಡ್ಡುತ್ತದೆ.

ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು (1843-1885) 1880ರಲ್ಲಿ ಪುಣೆಯಲ್ಲಿ 'ಸಂಗೀತ ಶಾಕುಂತಲ'ವನ್ನು ರಂಗಕ್ಕೆ ತಂದರು. ಅದುವರೆಗೆ ಬಹುಪಾಲು ಸೂತ್ರಧಾರನೇ ಹಾಡುತ್ತಿದ್ದ ಪದಗಳನ್ನು ಅವರು ಪಾತ್ರಗಳಿಂದಲೇ ಹಾಡಿಸಿದರು. ಸಾಕಿ, ದಿಂಡಿಗಳೊಡನೆ ಕನ್ನಡ ಹಾಡುಗಳ ಮಟ್ಟುಗಳನ್ನೂ ಬಳಸಿಕೊಂಡರು. ಹೀಗೆ ಪ್ರೇಕ್ಷಕರಿಗೆ ಪರಿಚಿತವಾಗಿದ್ದ ಮಟ್ಟು ಪಾತ್ರದ ಮನಃಸ್ಥಿತಿಯನ್ನು ಹೇಳುವ ಸಾಧನವಾಯಿತು.

1911ರ 'ಮಾನಾಪಮಾನ'ಕ್ಕೆ ಗೋವಿಂದರಾವ್ ಟೆಂಬೆಯವರೂ 1916ರ 'ಸ್ವಯಂವರ'ಕ್ಕೆ ಭಾಸ್ಕರಬುವಾ ಬಖಲೆಯವರೂ ಸಂಗೀತ ಅಳವಡಿಸಿದಾಗ ಖ್ಯಾಲ್, ಠುಮ್ರಿಗಳ ಬಂದಿಶುಗಳು ರಂಗಗೀತೆಗೆ ಆಧಾರವಾದವು. ಆದರೆ ರಾಗದ ಬಳಕೆಯೊಂದೇ ಮೌಲ್ಯಕ್ಕೆ ಪ್ರಮಾಣವಾಗಲಾರದು. ಬಾಲಗಂಧರ್ವರ ಹಾಡುಗಳಿಗೆ ಮೇಲಿಂದ ಮೇಲೆ 'ಒನ್ಸ್ ಮೋರ್' ಬಿದ್ದು ರಾಗವಿಸ್ತಾರ ಬೆಳೆದಂತೆ ನಾಟಕದ ಗತಿ ಕುಂಠಿತವಾಗುತ್ತಿತ್ತು.

ಆದ್ದರಿಂದ ಎರಡು ಒರೆಗಲ್ಲುಗಳನ್ನು ಸೂಚಿಸಬಹುದು. ರಂಗದ ಮೇಲೆ ಹಾಡು ಸಂದರ್ಭದ ಅರ್ಥವನ್ನು ಹೆಚ್ಚಿಸಬೇಕು. ರಂಗದಿಂದ ಬೇರ್ಪಟ್ಟ ಮೇಲೂ ಹೊಸ ಗಾಯಕನ ಮನೋಧರ್ಮಕ್ಕೆ ಎಡೆಗೊಡಬೇಕು. ಎರಡನೆಯದಕ್ಕೆ ಕುಂದಗೋಳದ ಸವಾಯಿ ಗಂಧರ್ವರ ಪರಂಪರೆಯೇ ಸಾಕ್ಷಿ. ಆ ಬಿರುದನ್ನು ಅವರು ಗಳಿಸಿದ್ದು ರಂಗಗಾಯನದಿಂದ; ಅವರ ಶಿಷ್ಯ ಭೀಮಸೇನ ಜೋಶಿಯವರು ರಂಗಗೀತೆಗಳನ್ನು ಖ್ಯಾಲ್ ಗಾಯಕನ ದೃಷ್ಟಿಯಿಂದ ಮತ್ತೆ ಹಾಡಿದರು.

ಕನ್ನಡ ಕಂಪನಿ ನಾಟಕಗಳ ಅಧ್ಯಯನಕ್ಕೂ ಈ ಮಾತು ಅನ್ವಯಿಸುತ್ತದೆ. ಮುದ್ರಿತ ಪಠ್ಯವನ್ನಷ್ಟೇ ಆಧರಿಸಿ ರಂಗಗೀತೆಗಳನ್ನು ಸಾಮಾನ್ಯ ಕಾವ್ಯವೆಂದು ತೀರ್ಮಾನಿಸುವುದು ಅವಸರವಾದೀತು. ಧ್ವನಿಮುದ್ರಿಕೆಗಳನ್ನೂ ಆಕರಗಳಾಗಿ ಪರಿಗಣಿಸುವುದು ಅವಶ್ಯಕ.