ಮಿಂಬರ್ ಸಿಂಹಾಸನದ ಮೆಟ್ಟಿಲಾದಾಗ

ಅಮೆರಿಕದಲ್ಲಿ ಚುನಾವಣೆ ಬಂದಾಗಲೆಲ್ಲ ಒಂದು ಚಿತ್ರ ನಮ್ಮ ಪತ್ರಿಕೆಗಳಲ್ಲಿಯೂ ಕಾಣಿಸಿಕೊಳ್ಳುತ್ತದೆ. ಅಭ್ಯರ್ಥಿಯ ಸುತ್ತ ಪಾದ್ರಿಗಳು ನಿಂತು, ಅವನ ಹೆಗಲ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿರುತ್ತಾರೆ. ಇವರು ಇವಾಂಜೆಲಿಕಲ್ ಎಂದು ಕರೆಯಲ್ಪಡುವ ಕ್ರೈಸ್ತರು. ಬೈಬಲಿನ ಅಕ್ಷರಕ್ಕೆ ನಿಷ್ಠರು, ಮತಪ್ರಚಾರವನ್ನು ಬದುಕಿನ ಕರ್ತವ್ಯವೆಂದು ಬಗೆದವರು. 2016ರ ಚುನಾವಣೆಯಲ್ಲಿ ಈ ಪಂಥದ ಬಿಳಿಯ ಮತದಾರರಲ್ಲಿ ಐವರಲ್ಲಿ ನಾಲ್ವರು ಡೊನಾಲ್ಡ್ ಟ್ರಂಪ್ ಅವರ ಪರವಾಗಿ ನಿಂತರು. ಧರ್ಮವನ್ನು ಅಧಿಕಾರಕ್ಕೆ ಹೇಗೆ ಒತ್ತೆಯಿಟ್ಟಿದ್ದಾರೆ ನೋಡಿ ಎಂದು ನಮ್ಮವರು ಇದನ್ನು ಕಂಡು ಬೆರಳು ತೋರಿಸುವುದುಂಟು. ಆದರೆ ರಾಯಚೂರು, ಮಾನ್ವಿ, ದೇವದುರ್ಗದ ಕಡೆಯವರಾದ ನಾವು ಬೆರಳೆತ್ತುವ ಮೊದಲು ನಮ್ಮ ಅಂಗಳದ ಚರಿತ್ರೆಯನ್ನು ಒಮ್ಮೆ ತೆರೆದು ನೋಡುವುದು ಒಳಿತು.

ಮೊದಲು ಅಮೆರಿಕದ ಕಥೆಯನ್ನು ಮುಗಿಸೋಣ. ಅಲ್ಲಿನ ಬ್ಯಾಪ್ಟಿಸ್ಟರು ಆರಂಭದಲ್ಲಿ ಸಣ್ಣ ಗುಂಪಾಗಿದ್ದರು, ಸರಕಾರಿ ಧರ್ಮವೊಂದು ತಮ್ಮ ತಲೆಯ ಮೇಲೆ ಕುಳಿತೀತೆಂದು ಅಂಜಿದ್ದರು. 1802ರಲ್ಲಿ ಅಧ್ಯಕ್ಷ ಥಾಮಸ್ ಜೆಫರ್ಸನ್, ಚರ್ಚು ಮತ್ತು ಪ್ರಭುತ್ವಗಳ ನಡುವೆ ಗೋಡೆಯಿರಬೇಕೆಂಬ ಪ್ರಸಿದ್ಧ ಮಾತನ್ನು ಬರೆದದ್ದು ಡ್ಯಾನ್‌ಬರಿ ಎಂಬ ಊರಿನ ಬ್ಯಾಪ್ಟಿಸ್ಟರಿಗೆ. ಆ ಗೋಡೆಯನ್ನು ಬಯಸಿದವರು ನಾಸ್ತಿಕರಲ್ಲ, ಭಕ್ತರು. 1965ರಷ್ಟು ಈಚೆಗೆ ಕೂಡ ವರ್ಜೀನಿಯದ ಪಾದ್ರಿ ಜೆರ್ರಿ ಫಾಲ್ವೆಲ್, ಕರಿಯರ ಹಕ್ಕಿಗಾಗಿ ಬೀದಿಗಿಳಿದ ಧರ್ಮಬೋಧಕರನ್ನು ಟೀಕಿಸುತ್ತ, ರಾಜಕೀಯವು ಪಾದ್ರಿಯ ಕೆಲಸವಲ್ಲ ಎಂದು ಪ್ರವಚನ ಕೊಟ್ಟಿದ್ದರು. 1979ರಲ್ಲಿ ಅದೇ ಫಾಲ್ವೆಲ್ ‘ಮಾರಲ್ ಮೆಜಾರಿಟಿ’ ಎಂಬ ರಾಜಕೀಯ ಸಂಘಟನೆಯನ್ನು ಕಟ್ಟಿದರು.

ನಡುವಿನ 14 ವರ್ಷಗಳಲ್ಲಿ ಬೈಬಲ್ ಬದಲಾಗಿರಲಿಲ್ಲ. ಗರ್ಭಪಾತದ ಪಾಪವೇ ಅವರನ್ನು ಎಬ್ಬಿಸಿತೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಆದರೆ 1971ರಲ್ಲಿ ಸದರ್ನ್ ಬ್ಯಾಪ್ಟಿಸ್ಟರ ಮಹಾಸಭೆಯೇ, ಅತ್ಯಾಚಾರದಂತಹ ಕೆಲವು ಸಂದರ್ಭಗಳಲ್ಲಿ ಗರ್ಭಪಾತಕ್ಕೆ ಕಾನೂನು ಅವಕಾಶ ನೀಡಬೇಕೆಂದು ನಿರ್ಣಯ ಮಾಡಿತ್ತು. ಅವರಿಗೆ ನಿಜವಾಗಿ ನೋವು ತಟ್ಟಿದ್ದು ಬೇರೆಡೆ. 1954ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಬಿಳಿಯರಿಗೂ ಕರಿಯರಿಗೂ ಬೇರೆಬೇರೆ ಶಾಲೆಗಳಿರುವುದು ಸಲ್ಲದೆಂದಿತು. ದಕ್ಷಿಣದ ಬಿಳಿಯರು ಖಾಸಗಿ ಕ್ರೈಸ್ತ ಶಾಲೆಗಳನ್ನು ತೆರೆದುಕೊಂಡರು. 1970ರ ದಶಕದಲ್ಲಿ ಸರಕಾರವು ವರ್ಣಭೇದ ಪಾಲಿಸುವ ಸಂಸ್ಥೆಗಳ ತೆರಿಗೆ ವಿನಾಯಿತಿಗೆ ಕೈಹಾಕಿದಾಗ ಸಿಟ್ಟು ಸಿಡಿಯಿತು. ಪಾದ್ರಿಗಳನ್ನು ಒಗ್ಗೂಡಿಸಿದ ರಾಜಕೀಯ ಚಾಣಾಕ್ಷ ಪಾಲ್ ವೈರಿಕ್ ಇದನ್ನು ತಾವೇ ಒಪ್ಪಿಕೊಂಡಿದ್ದಾರೆ. ಗರ್ಭಪಾತದ ವಿಷಯವನ್ನು ಮುಂದಿಟ್ಟದ್ದು ಆಮೇಲೆ. 1980ರಲ್ಲಿ ಅವರು ಭಾನುವಾರದ ಬೈಬಲ್ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಜಿಮ್ಮಿ ಕಾರ್ಟರ್ ಅವರನ್ನು ಬಿಟ್ಟು, ವಿಚ್ಛೇದಿತ ಸಿನಿಮಾ ನಟ ರೊನಾಲ್ಡ್ ರೇಗನ್ ಅವರ ಬೆನ್ನಿಗೆ ನಿಂತರು. ಅದೇ ಬೈಬಲನ್ನು ಅಷ್ಟೇ ಶ್ರದ್ಧೆಯಿಂದ ಓದುವ ಕರಿಯ ಪ್ರಾಟೆಸ್ಟಂಟರಾದರೋ ಅಂದೂ ಇಂದೂ ಬಹುಪಾಲು ಎದುರು ಪಕ್ಷಕ್ಕೇ ಮತ ಹಾಕುತ್ತಾರೆ. ಅಂದಮೇಲೆ ಈ ರಾಜಕೀಯವು ಗ್ರಂಥದಿಂದ ಹುಟ್ಟಿದ್ದಲ್ಲ. ಕೈತಪ್ಪುತ್ತಿರುವ ಸ್ಥಾನಮಾನದ ಭಯದಿಂದ ಹುಟ್ಟಿ, ಗ್ರಂಥದ ಹೊದಿಕೆ ಹೊದ್ದದ್ದು.

ಈಗ ನಮ್ಮ ಕಡೆಗೆ ಬರೋಣ. 1948ರವರೆಗೆ ರಾಯಚೂರು ಜಿಲ್ಲೆ ನಿಜಾಮರ ಹೈದರಾಬಾದ್ ಸಂಸ್ಥಾನದೊಳಗೆ ಗುಲ್ಬರ್ಗಾ ಸುಭೆಗೆ ಸೇರಿತ್ತು. 1941ರ ಜನಗಣತಿಯಂತೆ ಸಂಸ್ಥಾನದ 1 ಕೋಟಿ 63 ಲಕ್ಷ ಜನರಲ್ಲಿ ಮುಸ್ಲಿಮರು ನೂರಕ್ಕೆ ಸುಮಾರು 13 ಮಂದಿ. ಕಚೇರಿಯ ಭಾಷೆ ಉರ್ದು, ಮೇಲಿನ ಹುದ್ದೆಗಳಲ್ಲಿ ಹೆಚ್ಚಿನವರು ಮುಸ್ಲಿಮರು. ಆದರೆ ಈ ವೈಭವ ಹೈದರಾಬಾದಿನ ದೇವಡಿಗಳಲ್ಲಿತ್ತೇ ಹೊರತು ನಮ್ಮ ಹಳ್ಳಿಗಳಲ್ಲಿರಲಿಲ್ಲ. ಇಲ್ಲಿನ ಮುಸ್ಲಿಮರು ಹತ್ತಿ ಹಿಂಜುವ ಪಿಂಜಾರರು, ಬಂಡಿ ಹೊಡೆಯುವವರು, ಕಸಾಯಿಗಳು, ಗೇಣಿ ರೈತರು. ಮನೆಯಲ್ಲಿ ಕನ್ನಡವನ್ನೋ ದಖನಿಯನ್ನೋ ಆಡುತ್ತಿದ್ದವರು. ನಿಜಾಮರ ಆಳಿಕೆಯಲ್ಲಿ ಒಳ್ಳೆಯದೇ ನಡೆಯಲಿಲ್ಲವೆಂದು ಹೇಳುವುದೂ ಅನ್ಯಾಯ. ಮಾನ್ವಿಯ ಕಡೆಯ ಗದ್ದೆಗಳಿಗೆ ಇಂದು ನೀರುಣಿಸುವ ತುಂಗಭದ್ರಾ ಅಣೆಕಟ್ಟಿನ ಕೆಲಸವನ್ನು 1945ರಲ್ಲಿ ಆರಂಭಿಸಿದ್ದು ಮದ್ರಾಸ್ ಸರಕಾರ ಮತ್ತು ನಿಜಾಮ ಸರಕಾರ ಒಟ್ಟಾಗಿಯೇ.

1927ರಲ್ಲಿ ಮಜ್ಲಿಸ್-ಎ-ಇತ್ತೆಹಾದುಲ್ ಮುಸ್ಲಿಮೀನ್ ಹುಟ್ಟಿದಾಗ ಅದರ ಉದ್ದೇಶ ಮುಸ್ಲಿಮರ ಒಳಪಂಗಡಗಳನ್ನು ಒಂದುಗೂಡಿಸುವುದಾಗಿತ್ತು. 1938ರಲ್ಲಿ ಅದರ ಅಧ್ಯಕ್ಷರಾದ ಬಹಾದುರ್ ಯಾರ್ ಜಂಗ್, ಪ್ರವಾದಿವರ್ಯರ(ಸ) ಸೀರತ್ ಕುರಿತ ಭಾಷಣಗಳಿಂದ ಊರೂರನ್ನು ಸೆಳೆದ ವಾಗ್ಮಿ, ಧರ್ಮಪ್ರಚಾರಕ. ಅವರ ಪ್ರಾಮಾಣಿಕತೆಯನ್ನು ನಾವು ಶಂಕಿಸುವುದಿಲ್ಲ. ನಿಜಾಮರೊಡನೆ ಮನಸ್ತಾಪ ಬಂದಾಗ ಬಿರುದನ್ನೂ ಜಾಗೀರನ್ನೂ ತೊರೆದ ಮನುಷ್ಯ ಅವರು. ಆದರೆ ಅವರ ಕಾಲದಲ್ಲಿಯೇ ‘ಅನಲ್ ಮಲಿಕ್’, ಅಂದರೆ ‘ನಾನೇ ದೊರೆ’ ಎಂಬ ಘೋಷಣೆ ಹಬ್ಬಿತು. ಸಂಸ್ಥಾನದ ಸಾರ್ವಭೌಮತ್ವ ಮುಸ್ಲಿಂ ಸಮುದಾಯದ್ದು, ನಿಜಾಮರು ಅದರ ಸಂಕೇತ ಮಾತ್ರ ಎಂಬುದು ಅದರ ತಾತ್ಪರ್ಯ. ದೇವದುರ್ಗದ ಹಳ್ಳಿಯೊಂದರಲ್ಲಿ ಬಿಲ್ಲು ಹಿಡಿದು ಹತ್ತಿ ಹಿಂಜುವ, ಸಾಹುಕಾರನ ಸಾಲ ತೀರದ ಪಿಂಜಾರನಿಗೂ ‘ನೀನೇ ದೊರೆ’ ಎನ್ನುವ ಮಾತು ಅದು. ಅವನ ಹೊಟ್ಟೆಗೆ ಅದು ಏನನ್ನೂ ಕೊಡಲಿಲ್ಲ. ನೆರೆಯವನ ಕಣ್ಣಿನಲ್ಲಿ ಮಾತ್ರ ಅವನನ್ನು ದೊರೆಯ ಪಾಲುದಾರನನ್ನಾಗಿ ಮಾಡಿಬಿಟ್ಟಿತು.

ಇದರಲ್ಲಿ ದೀನ್ ಎಲ್ಲಿತ್ತು? ಮದ್ರಸಾದ ಮಕ್ಕಳು ಕೂಡ ಬಲ್ಲರು, ಇಮಾಂ ಅಬೂ ಹನೀಫಾ(ರ) ಅವರು ಖಲೀಫಾ ಮನ್ಸೂರ್ ನೀಡಿದ ಕಾಝಿ ಹುದ್ದೆಯನ್ನು ಒಲ್ಲೆನೆಂದು ಸೆರೆಮನೆಯನ್ನು ಆರಿಸಿಕೊಂಡರು. ದೊರೆ ಮುಸ್ಲಿಮನಾಗಿದ್ದ, ಆಳಿಕೆಯೂ ಮುಸ್ಲಿಮರದಾಗಿತ್ತು. ಇಮಾಮರಿಗೆ ಅಷ್ಟು ಸಾಕಾಗಲಿಲ್ಲ. ಅನ್ಯಾಯದಲ್ಲಿಯೂ ತನ್ನ ಕುಲದ ಪಕ್ಷ ಹಿಡಿಯುವುದಕ್ಕೆ ನಮ್ಮ ಉಲಮಾಗಳು ಅಸಬಿಯ್ಯತ್ ಎಂಬ ಹೆಸರಿಟ್ಟರು, ಅದನ್ನು ಈಮಾನಿನ ಅಂಗವೆಂದು ಯಾರೂ ಎಣಿಸಲಿಲ್ಲ.

1944ರಲ್ಲಿ ಬಹಾದುರ್ ಯಾರ್ ಜಂಗ್ ತೀರಿಕೊಂಡರು. 1946ರಲ್ಲಿ ಮಜ್ಲಿಸ್‌ನ ಚುಕ್ಕಾಣಿ ಲಾತೂರಿನ ವಕೀಲ ಕಾಸಿಂ ರಝ್ವಿಯ ಕೈಗೆ ಬಂತು. ಸ್ವಯಂಸೇವಕ ದಳವಾಗಿದ್ದ ರಝಾಕಾರರು ಶಸ್ತ್ರ ಹಿಡಿದ ಪಡೆಯಾದರು. 1947ರ ಅಕ್ಟೋಬರ್‌ನಲ್ಲಿ, ಭಾರತದೊಡನೆ ಒಪ್ಪಂದ ಕುದುರಿಸುತ್ತಿದ್ದ ಪ್ರಧಾನಮಂತ್ರಿ ಛತಾರಿ ನವಾಬರ ಮನೆಯನ್ನು ಅವರು ಮುತ್ತಿದರು. ಮರುವರ್ಷ ಬೀದರ್ ಕಡೆಯ ಗೋರಟಾದಲ್ಲಿ ನಡೆದ ಹತ್ಯಾಕಾಂಡವನ್ನು ಆ ಊರು ಇಂದಿಗೂ ಮರೆತಿಲ್ಲ. ಮರೆಯಬೇಕೆಂದು ಕೇಳುವ ಹಕ್ಕು ನಮಗೂ ಇಲ್ಲ.

ಮುಸ್ಲಿಮರೆಲ್ಲರೂ ರಝ್ವಿಯ ಹಿಂದೆ ನಡೆದರೆಂಬುದು ಮಾತ್ರ ಸುಳ್ಳು. 1948ರ ಆಗಸ್ಟ್‌ನಲ್ಲಿ ಏಳು ಮಂದಿ ಮುಸ್ಲಿಂ ಪ್ರಮುಖರು, ಸಂಸ್ಥಾನವು ಭಾರತಕ್ಕೆ ಸೇರಬೇಕೆಂದು ಬಹಿರಂಗವಾಗಿ ಹೇಳಿಕೆ ನೀಡಿದರು. ‘ಇಮ್ರೋಝ್’ ಎಂಬ ಉರ್ದು ಪತ್ರಿಕೆಯ ಯುವ ಸಂಪಾದಕ ಶೋಯೆಬುಲ್ಲಾ ಖಾನ್ ರಝಾಕಾರರ ವಿರುದ್ಧ ಬರೆಯುತ್ತಲೇ ಇದ್ದರು. ಅದೇ ತಿಂಗಳು ಒಂದು ರಾತ್ರಿ ಪತ್ರಿಕಾ ಕಚೇರಿಯಿಂದ ಮನೆಗೆ ಮರಳುತ್ತಿದ್ದ ಅವರನ್ನು ಹೈದರಾಬಾದಿನ ಬೀದಿಯಲ್ಲಿ ಕೊಂದರು, ಬರೆಯುವ ಕೈಯನ್ನು ಕತ್ತರಿಸಿದರು. ಕೊಂದವರೂ ಕಲಿಮಾ ಹೇಳುವವರೇ, ಸತ್ತವರೂ ಕಲಿಮಾ ಹೇಳುವವರೇ. ಅಮೆರಿಕದ ಬಿಳಿಯ ಮತ್ತು ಕರಿಯ ಕ್ರೈಸ್ತರ ಕೈಯಲ್ಲಿರುವ ಒಂದೇ ಬೈಬಲಿನ ಕಥೆಗೂ ಇದಕ್ಕೂ ಎಷ್ಟು ಸಾಮ್ಯ!

ಸೆಪ್ಟೆಂಬರ್ 13ರಂದು ಭಾರತದ ಸೇನೆ ಸಂಸ್ಥಾನದೊಳಗೆ ಪ್ರವೇಶಿಸಿತು. 17ಕ್ಕೆ ಎಲ್ಲವೂ ಮುಗಿದಿತ್ತು. ಕೆಲವೇ ದಿನಗಳಲ್ಲಿ ನಿಜಾಮರು ರೇಡಿಯೋ ಭಾಷಣದಲ್ಲಿ ರಝಾಕಾರರನ್ನು ತಮ್ಮ ಮೇಲೆ ಬಲಾತ್ಕಾರದಿಂದ ಸವಾರಿ ಮಾಡಿದ ಗುಂಪೆಂದು ತಳ್ಳಿಹಾಕಿದರು. 1950ರಲ್ಲಿ ಅವರು ಅದೇ ರಾಜ್ಯದ ರಾಜಪ್ರಮುಖರಾದರು. ವರ್ಷಕ್ಕೆ 50 ಲಕ್ಷ ರೂಪಾಯಿ ರಾಜಧನ ನಿಗದಿಯಾಯಿತು. ಕೊನೆಯ ಪ್ರಧಾನಮಂತ್ರಿ ಲಾಯಕ್ ಅಲಿ ಗೃಹಬಂಧನದಿಂದ ಪಾರಾಗಿ ಪಾಕಿಸ್ತಾನ ಸೇರಿದರು. ರಝ್ವಿ ಸೆರೆವಾಸ ಅನುಭವಿಸಿ 1957ರಲ್ಲಿ ಬಿಡುಗಡೆಯಾಗಿ ಕರಾಚಿಗೆ ಹೋದರು.

ಹೋಗಲು ಬೇರೆ ಊರಿಲ್ಲದವರು ಇಲ್ಲಿಯೇ ಉಳಿದು ಬೆಲೆ ತೆತ್ತರು. ಪ್ರಧಾನಿ ನೆಹರೂ ಅವರ ಇಚ್ಛೆಯಂತೆ ಪಂಡಿತ್ ಸುಂದರಲಾಲ್, ಕಾಝಿ ಅಬ್ದುಲ್ ಗಫ್ಫಾರ್ ಮತ್ತು ಮೌಲಾನಾ ಅಬ್ದುಲ್ಲಾ ಮಿಸ್ರಿ ಅವರು ಆ ವರ್ಷದ ಕೊನೆಯಲ್ಲಿ ಸಂಸ್ಥಾನದ ಜಿಲ್ಲೆಗಳಲ್ಲಿ ಸಂಚರಿಸಿದರು. ಸೇನಾ ಕಾರ್ಯಾಚರಣೆಯ ವೇಳೆ ಮತ್ತು ನಂತರ ಕಡಿಮೆಯೆಂದರೂ 27,000ದಿಂದ 40,000 ಜನ ಸತ್ತರೆಂದು ಅವರು ಅಂದಾಜಿಸಿದರು. ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್ ಜಿಲ್ಲೆಗಳು ಎಲ್ಲಕ್ಕಿಂತ ಹೆಚ್ಚು ನಲುಗಿದವು. ಗುಲ್ಬರ್ಗಾ ನಮ್ಮ ಮಗ್ಗುಲಿನ ಜಿಲ್ಲೆ. ಎರಡೂ ಕಡೆಗಳ ಬೀಗತನ ಎಷ್ಟೆಂಬುದು ಓದುಗರಿಗೆ ಗೊತ್ತು. ಆ ವರದಿ ದಶಕಗಳ ಕಾಲ ಬೆಳಕು ಕಾಣಲಿಲ್ಲ.

ಪ್ರತಿ ಸೆಪ್ಟೆಂಬರ್ 17ರಂದು, ಈಗ ಕಲ್ಯಾಣ ಕರ್ನಾಟಕ ಉತ್ಸವವೆಂದು ಕರೆಯಲಾಗುವ ದಿನದಂದು, ರಾಯಚೂರಿನಲ್ಲಿ ಧ್ವಜ ಏರುತ್ತದೆ. ವೇದಿಕೆಯ ಮೇಲಿನವರು ರಝಾಕಾರರ ಕಥೆಯನ್ನು ಹೇಳುತ್ತಾರೆ, ಸೆಪ್ಟೆಂಬರ್‌ನ ನಂತರದ್ದನ್ನು ಹೇಳುವುದಿಲ್ಲ. ನಮ್ಮ ಮನೆಗಳಲ್ಲಿ ಹಿರಿಯರು ಪೊಲೀಸ್ ಆ್ಯಕ್ಷನ್ ಎಂಬ ಎರಡು ಪದಗಳನ್ನು ತಗ್ಗಿದ ದನಿಯಲ್ಲಿ ಆಡುತ್ತಾರೆ, ಅದರ ಹಿಂದಿನ ಎರಡು ವರ್ಷಗಳನ್ನು ಹೇಳುವುದಿಲ್ಲ. ಹೀಗಾಗಿ ನಮ್ಮ ಹುಡುಗನಿಗೆ ಶಾಲೆಯಲ್ಲಿ ಒಂದು ಅರ್ಧ, ಮನೆಯಲ್ಲಿ ಇನ್ನೊಂದು ಅರ್ಧ ಸಿಗುತ್ತದೆ. ಶೋಯೆಬುಲ್ಲಾ ಖಾನರ ಹೆಸರು ಅವನಿಗೆ ಎರಡೂ ಕಡೆ ಸಿಗುವುದಿಲ್ಲ.

ಸುಂದರಲಾಲ್ ವರದಿಯಲ್ಲಿ ಇನ್ನೊಂದು ಮಾತೂ ಇದೆ. ಹಲವೆಡೆ ಹಿಂದೂಗಳು ಪ್ರಾಣವನ್ನೇ ಪಣವಾಗಿಟ್ಟು ಮುಸ್ಲಿಮರನ್ನು ಕಾಪಾಡಿದರು. ಒಂದೇ ಕಸುಬಿನವರ ನಡುವೆ ಈ ಬಾಂಧವ್ಯ ಹೆಚ್ಚು ಗಟ್ಟಿಯಾಗಿತ್ತು, ಮುಸ್ಲಿಂ ನೇಕಾರರನ್ನು ಉಳಿಸಲು ಹಿಂದೂ ನೇಕಾರರು ತಮ್ಮವರನ್ನೇ ಎದುರಿಸಿ ನಿಂತರು ಎಂದು. ಮಾನ್ವಿ, ದೇವದುರ್ಗದ ಹಳ್ಳಿಗಳಲ್ಲಿ ಅಂದು ಯಾರು ಯಾರನ್ನು ಬಚ್ಚಿಟ್ಟರು, ಯಾರ ಹಗೇವಿನಲ್ಲಿ, ಯಾರ ದನದ ಕೊಟ್ಟಿಗೆಯಲ್ಲಿ ಎಂಬುದನ್ನು ಯಾವ ವರದಿಯೂ ಬರೆದಿಡಲಿಲ್ಲ. ಆ ವರ್ಷ ಹತ್ತು ವರ್ಷದವರಾಗಿದ್ದವರಿಗೆ ಈಗ ಎಂಬತ್ತೈದು ದಾಟಿದೆ. ಅಂಥ ಅಜ್ಜ, ದಾದಿ, ನಾನಿ ಯಾರ ಮನೆಯಲ್ಲಿ ಇದ್ದಾರೋ ಅವರು ಈ ಚಳಿಗಾಲ ಕಳೆಯುವುದರೊಳಗೆ ಹತ್ತಿರ ಕುಳಿತು ಕೇಳಿ, ಊರು ಮತ್ತು ಕಸುಬಿನ ಸಮೇತ ಬರೆದಿಟ್ಟುಕೊಳ್ಳಲಿ.