ಬರೆದ ಮಾತು, ಹಾಡಿದ ಮಾತು

ಒಂದು ನಾಡಿನ ಸಂಸ್ಕೃತಿಗೆ ಬುಡ ಯಾವುದು? ಚೀನಾ ದೇಶದ ಚರಿತ್ರೆಯನ್ನು ನೋಡಿದರೆ ಬರಹ ಎನ್ನಬೇಕಾಗುತ್ತದೆ. ಅಲ್ಲಿ ಉತ್ತರದವರ ಮಾತು ದಕ್ಷಿಣದವರಿಗೆ ತಿಳಿಯುತ್ತಿರಲಿಲ್ಲ. ಆದರೆ ಬರೆದದ್ದನ್ನು ಓದು ಬಲ್ಲ ಇಬ್ಬರೂ ಓದಬಹುದಾಗಿತ್ತು. ಕ್ರಿ.ಪೂ. 221ರಲ್ಲಿ ದೇಶವನ್ನು ಒಂದುಗೂಡಿಸಿದ ಚಿನ್ ಚಕ್ರವರ್ತಿ ಲಿಪಿಯನ್ನೂ ಒಂದು ಮಾಡಿಸಿದನು. ಅದಕ್ಕೂ ಹಿಂದೆ ಬಾಳಿದ ಕನ್‌ಫ್ಯೂಷಿಯಸ್ ಎಂಬ ಗುರುವಿನ ಮಾತುಗಳನ್ನು ಶಿಷ್ಯ ಪರಂಪರೆ ಬರೆದಿಟ್ಟಿತು. ಹೆತ್ತವರನ್ನು ಗೌರವಿಸು, ಮನುಷ್ಯರಲ್ಲಿ ಕರುಣೆಯಿಡು, ನಡತೆಯಲ್ಲಿ ಕ್ರಮವಿರಲಿ ಎಂಬುದು ಅವುಗಳ ಸಾರ.

ಇನ್ನು ನಮ್ಮ ತಾಳವಾಡಿ ಸೀಮೆಗೆ ಬರೋಣ. ನಮ್ಮ ಅಜ್ಜ ಅಜ್ಜಿಯರಲ್ಲಿ ಅನೇಕರಿಗೆ ಅಕ್ಷರ ಬಾರದು. ಹಾಗಾದರೆ ಅವರಿಗೆ ನ್ಯಾಯ ಯಾವುದು, ಅನ್ಯಾಯ ಯಾವುದು ಎಂದು ಕಲಿಸಿದವರು ಯಾರು? ಕಂಸಾಳೆ ಹಿಡಿದು ಮನೆ ಬಾಗಿಲಿಗೆ ಬಂದ ದೇವರ ಗುಡ್ಡರು. ಅವರು ಹಾಡಿದ್ದು ಎಪ್ಪತ್ತೇಳು ಮಲೆಯ ಒಡೆಯ ಮಾದಪ್ಪನ ಕಥೆ.

ಆ ಕಥೆಯಲ್ಲಿ ಸೋಲಿಗರ ಸಂಕಮ್ಮ ಬರುತ್ತಾಳೆ. ಗಂಡ ನೀಲೇಗೌಡ ಜೇನಿಗೆ ಹೊರಡುವಾಗ ಹೆಂಡತಿಯ ಮೇಲೆ ಅನುಮಾನಪಟ್ಟು ಆಣೆ ಕೇಳುತ್ತಾನೆ, ಹಿಂಸಿಸುತ್ತಾನೆ. ಮಾದಪ್ಪ ನಿಲ್ಲುವುದು ಗಂಡನ ಪಕ್ಷದಲ್ಲಿ ಅಲ್ಲ, ನೊಂದ ಸಂಕಮ್ಮನ ಪಕ್ಷದಲ್ಲಿ. ಅವಳಿಗೆ ಕಾರಯ್ಯ, ಬಿಲ್ಲಯ್ಯ ಎಂಬ ಮಕ್ಕಳಾಗುವುದು ಅವನ ವರದಿಂದ. ಬೇವಿನಹಟ್ಟಿ ಕಾಳಮ್ಮನಿಗೆ ಬೇಕಾದಷ್ಟು ಸಿರಿಯಿತ್ತು. ಆದರೂ ಭಿಕ್ಷೆ ನೀಡಲು ಮನಸ್ಸಿರಲಿಲ್ಲ. ಅವಳ ಸಿರಿ ಉಳಿಯಲಿಲ್ಲ. ದೇವರೇ ಭಿಕ್ಷುಕನಾಗಿ ಬಂದು ಮನುಷ್ಯನ ಗುಣವನ್ನು ಒರೆಗೆ ಹಚ್ಚುತ್ತಾನೆ ಎಂಬುದೇ ಇಲ್ಲಿಯ ತತ್ತ್ವ. ಇದನ್ನು ಅರಿಯಲು ಶಾಸ್ತ್ರ ಓದಬೇಕಾಗಿಲ್ಲ, ಬಾಗಿಲಿಗೆ ಬಂದವರಿಗೆ ಒಂದು ಹಿಡಿ ರಾಗಿ ಹಾಕಿದರೆ ಸಾಕು.

1799ರಲ್ಲಿ ಟಿಪ್ಪು ಸುಲ್ತಾನ ಮಡಿದ ಮೇಲೆ ಕೊಳ್ಳೇಗಾಲವೂ ತಾಳವಾಡಿಯೂ ಕೊಯಮತ್ತೂರು ಜಿಲ್ಲೆಗೆ ಸೇರಿದವು. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರಿಗೆ ಹೋಯಿತು, ನಾವು ಮದರಾಸಿನಲ್ಲಿ ಉಳಿದೆವು. ಮಾದಪ್ಪನ ಬೆಟ್ಟ ಆಚೆ, ಒಕ್ಕಲು ಎರಡೂ ಕಡೆ. ನೆಲಕ್ಕೆ ಗಡಿಕಲ್ಲು ಬಿತ್ತು, ಹಾಡಿಗೆ ಬೀಳಲಿಲ್ಲ.

ಆದರೆ ಬರೆದದ್ದು ಓಲೆಯಲ್ಲಿ ಉಳಿದೀತು, ಹಾಡಿದ್ದು ಕೊರಳಿದ್ದರೆ ಮಾತ್ರ ಉಳಿಯುತ್ತದೆ. ಪಿ. ಕೆ. ರಾಜಶೇಖರ ಅವರಂಥ ವಿದ್ವಾಂಸರು ಈ ಕಾವ್ಯವನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ್ದಾರೆ. ಆದರೂ ನಿಮ್ಮ ಊರಿನ ಹಾಡುಗಾರ ಹಾಡುವ ಬಗೆ ಅವನ ಕೊರಳಲ್ಲೇ ಇದೆ. ಮನೆಯಲ್ಲಿ ಕನ್ನಡವಾಡುವ ನಮ್ಮ ಮಕ್ಕಳಲ್ಲಿ ಅನೇಕರು ಶಾಲೆಯಲ್ಲಿ ಕಲಿಯುವುದು ತಮಿಳು ಅಕ್ಷರ. ಅದಕ್ಕೆ ಬೇಸರ ಬೇಡ. ಒಂದು ಸಂಜೆ ಹಿರಿಯರನ್ನು ಕೂರಿಸಿ ಹಾಡಿಸಿ. ಕನ್ನಡ ಬರೆಯಲು ಬಾರದ ಮಗು ತಮಿಳು ಅಕ್ಷರದಲ್ಲೇ ಬರೆದುಕೊಳ್ಳಲಿ. ಅಕ್ಷರ ಯಾವುದಾದರೇನು, ಸಂಕಮ್ಮನ ಕಥೆ ಉಳಿಯಲಿ.